ಅಗಸಿಯಲ್ಲಿ ಕೇಳುವ ಪ್ರಶ್ನೆ



ಗದಗಿನಿಂದ ಸೊಲ್ಲಾಪುರದತ್ತ ಸಾಗುವ ರೈಲುಗಾಡಿಯಲ್ಲಿ ಹೊಳೆಆಲೂರನ್ನು ದಾಟಿ ಬಾದಾಮಿ, ಬಾಗಲಕೋಟೆಗಳ ಕಡೆಗೆ ಪ್ರಯಾಣ ಬೆಳೆಸಿದ ಹೊಸಬನು, ತನ್ನ ಗಂಟನ್ನು ಮೇಲಿರಿಸಿ ಕುಳಿತು ಇನ್ನೂ ಮುಖದ ಬೆವರನ್ನು ಒರಸಿಕೊಳ್ಳುತ್ತಿರುವಷ್ಟರಲ್ಲಿಯೇ, ಎದುರಿನಲ್ಲಿ ಕುಳಿತ ಹಿರಿಯರು "ಯಾವೂರ್ರೀ ನಿಮ್ದು?" ಎಂದು ಕೇಳಿಬಿಡುತ್ತಾರೆ. ಊರಿನ ಹೆಸರು ಹೇಳಿದ ಮೇಲೆ ಆ ಊರಿನಲ್ಲಿ ತಮಗೆ ಗುರುತಿನವರು ಇಂಥವರಿದ್ದಾರಲ್ಲ, ಅವರು ಹೇಗಿದ್ದಾರೆ ಎಂಬ ವಿಚಾರಣೆ. ಅನಂತರ ಹೊರಟದ್ದೆಲ್ಲಿಗೆ, ಯಾರ ಮನೆಗೆ, ಏನು ನಿಮಿತ್ತ, ಮಾಡುವ ಉದ್ಯೋಗವೇನು, ಬರುವ ಪಗಾರವೆಷ್ಟು, ಮಕ್ಕಳೆಷ್ಟು ಎಂಬ ಪ್ರಶ್ನೆಗಳ ಪರಂಪರೆ. ಇವಕ್ಕೆಲ್ಲ ಉತ್ತರ ಕೊಟ್ಟು ಮುಗಿಯುವ ಹೊತ್ತಿಗೆ ಹಿರಿಯರ ಬುತ್ತಿಯ ಗಂಟು ಬಿಚ್ಚಿರುತ್ತದೆ. "ತಗೋರಿ, ಒಂದ್ ರೊಟ್ಟಿ ತಿನ್ರಿ" ಎಂಬ ಮಾತಿನ ಜೊತೆಗೇ ಜೋಳದ ರೊಟ್ಟಿಯೊಂದು, ಅದರ ಮೇಲೆ ಪಲ್ಯ, ಪಲ್ಯದ ಮಗ್ಗುಲಿಗೆ ಶೇಂಗಾ ಚಟ್ನಿ, ಹೊಸಬನ ಕೈಗೆ ಬಂದಿರುತ್ತವೆ. ಬೇಡವೆಂದರೆ ಕೊಟ್ಟವರಿಗೆ ನೋವಾಗುತ್ತದೆ.

ಇದೇ ಹೊಸಬನು ಮೈಸೂರಿನ ಕಡೆಯ ಗಾಡಿಯಲ್ಲಿ ಕುಳಿತಿದ್ದರೆ ಎದುರಿನವರು ಮುಗುಳ್ನಕ್ಕು ಕಾಲು ಸರಿಸಿ ಜಾಗ ಮಾಡಿಕೊಟ್ಟು, ಮತ್ತೆ ತಮ್ಮ ಪತ್ರಿಕೆಗೆ ಮರಳುತ್ತಿದ್ದರು. ಇಂಗ್ಲೆಂಡಿನಲ್ಲಿಯೋ ಫಿನ್ಲೆಂಡಿನಲ್ಲಿಯೋ ಕುಳಿತಿದ್ದರೆ, ಸಹಪ್ರಯಾಣಿಕನ ಮೌನವನ್ನು ಕದಡದಿರುವುದೇ ಪರಮ ಸೌಜನ್ಯವೆಂದು ತಿಳಿದ ಆ ಜನರ ನಡುವೆ ದಾರಿಯುದ್ದಕ್ಕೂ ಒಂದು ಮಾತೂ ಹುಟ್ಟದೆ ಹೋಗಬಹುದಾಗಿತ್ತು. ಈ ಭೇದವನ್ನು ಕಂಡವರು ಸಾಮಾನ್ಯವಾಗಿ ಅವಸರದ ತೀರ್ಪು ಕೊಡುತ್ತಾರೆ. ಹೊರಗಿನಿಂದ ಬಂದವರು ನಮ್ಮ ಭಾಗದವರನ್ನು ಕುರಿತು, ಇವರಿಗೆ ಪರರ ಖಾಸಗಿ ಬದುಕಿನಲ್ಲಿ ಇಣುಕಬಾರದೆಂಬ ಮರ್ಯಾದೆ ತಿಳಿಯದು ಎನ್ನುತ್ತಾರೆ. ನಮ್ಮವರು ಹೊರಗೆ ಹೋಗಿ ಬಂದು, ಅಲ್ಲಿಯ ಜನ ಕಲ್ಲುಮನಸ್ಸಿನವರು, ಊಟವಾಯಿತೇ ಎಂದು ಸಹ ಕೇಳುವವರಿಲ್ಲ ಎನ್ನುತ್ತಾರೆ. ಎರಡೂ ಮಾತುಗಳು ಅನ್ಯಾಯದವೆಂದು ನಾನು ಬಲ್ಲೆ. ಆದರೆ ಅನ್ಯಾಯವೆಂದು ಹೇಳಿ ಬಿಟ್ಟರೆ ಸಾಲದು. ಒಂದು ನಾಡಿನ ಜನ ಅಪರಿಚಿತನನ್ನು ಕಂಡೊಡನೆ ಬಾಯಿ ತೆರೆಯುವುದಕ್ಕೂ, ಇನ್ನೊಂದು ನಾಡಿನ ಜನ ಬಾಯಿ ಮುಚ್ಚುವುದಕ್ಕೂ ಕಾರಣಗಳೇನೆಂಬುದನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನೆಲದ ಮೇಲೆಯೇ ನಿಂತು ವಿಚಾರಿಸಬೇಕೆಂಬುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲು ನೆಲವನ್ನೇ ನೋಡೋಣ. ವರ್ಷಕ್ಕೆ ಐದುನೂರು, ಆರುನೂರು ಮಿಲಿಮೀಟರಿನಷ್ಟು ಮಳೆ ಕಾಣುವ ಈ ಎರೆಭೂಮಿಯಲ್ಲಿ ನೀರಿದ್ದಲ್ಲಿ ಊರು, ಊರಿದ್ದಲ್ಲಿ ಮನೆಗಳೆಲ್ಲ ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿರುವ ಒತ್ತು. ಹೊಲಗಳು ಊರ ಹೊರಗೆ ಕಣ್ಣು ಹಾಯುವಷ್ಟು ದೂರ ಬಯಲಾಗಿ ಹಬ್ಬಿರುತ್ತವೆ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಾಗಲ್ಲ. ಅಲ್ಲಿ ಮನೆಯೆಂಬುದು ತನ್ನ ತೋಟದ ನಡುವೆ ತಾನೇ ಒಂಟಿಯಾಗಿ ನಿಲ್ಲುವಂಥದು, ನೆರೆಮನೆಗೆ ಹೋಗಬೇಕಾದರೆ ಗದ್ದೆಯ ಬದುವನ್ನೋ ಹಳ್ಳದ ಸಂಕವನ್ನೋ ದಾಟಬೇಕು. ಹೀಗೆ ಚದುರಿ ಬಾಳುವವರಿಗೆ ಬಂದವನನ್ನು ದಣಪೆಯ ಆಚೆಯಿಂದಲೇ ಗಮನಿಸುವುದಕ್ಕೆ ಅವಕಾಶವುಂಟು, ಹೊತ್ತುಂಟು. ನಮ್ಮ ಒತ್ತಿದ ಊರುಗಳಲ್ಲಿ ಹೊಸಬನು ಅಗಸಿಯನ್ನು ಹೊಕ್ಕನೆಂದರೆ ಇಡೀ ಊರೊಳಗೆ ಹೊಕ್ಕಂತೆಯೇ. ಅವನು ಯಾರೆಂಬುದು ಒಂದು ಮನೆಯ ಪ್ರಶ್ನೆಯಾಗಿ ಉಳಿಯದೆ ಊರಿನ ಪ್ರಶ್ನೆಯಾಗುತ್ತದೆ.

ಅಗಸಿಯೆಂದೆನಲ್ಲವೇ? ನಮ್ಮ ಹಳ್ಳಿಗಳ ಆ ದ್ವಾರವೂ, ಅದರ ಹಿಂದೆ ಎತ್ತರದ ಸ್ಥಳದಲ್ಲಿ ಅರ್ಧ ಕುಸಿದು ನಿಂತಿರುವ, ಹುಡೇವೆಂಬ ಕಾವಲುಗೋಪುರವೂ ಅತಿಥಿಸತ್ಕಾರಕ್ಕಾಗಿ ಕಟ್ಟಿದವುಗಳಲ್ಲ. ದಂಡು ಬರುತ್ತಿದ್ದ ಕಾಲದಲ್ಲಿ, ಸುಲಿಗೆಯ ಕುದುರೆಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದ ಕಾಲದಲ್ಲಿ, ಬಂದವರನ್ನು ದೂರದಿಂದ ಕಂಡುಹಿಡಿದು ಬಾಗಿಲು ಮುಚ್ಚುವುದಕ್ಕಾಗಿ ಹುಟ್ಟಿದ ರಚನೆಗಳಿವು. ಆ ಬಾಗಿಲಲ್ಲಿ ನಿಂತ ಕಾವಲಿನವನು ಬಂದವನಿಗೆ ಮೊದಲು ಕೇಳಿರಬಹುದಾದ ಪ್ರಶ್ನೆಯಾದರೂ ಯಾವುದು? ಯಾವ ಊರು, ಯಾರ ಕಡೆಯವನು, ಬಂದ ಕಾರಣವೇನು ಎಂಬುದಲ್ಲದೆ ಬೇರೆಯಾಗಿರಲಾರದು. ರೈಲಿನಲ್ಲಿ ರೊಟ್ಟಿಯ ಮುಂಚೆ ಬರುವ ಪ್ರಶ್ನೆಯೂ ಅದೇ. ಕಾವಲುಗಾರನ ಪ್ರಶ್ನೆಯೇ ಕಾಲಕ್ರಮದಲ್ಲಿ ಆತಿಥೇಯನ ಪ್ರಶ್ನೆಯಾಗಿ ಮೃದುವಾಯಿತೆಂದು ನನ್ನ ಊಹೆ. ಮೃದುವಾದರೂ ಅದರ ಮೊದಲಿನ ಸ್ವಭಾವ ಪೂರ್ತಿಯಾಗಿ ಅಳಿಯಲಿಲ್ಲವೆಂಬುದು ನನ್ನ ನಂಬಿಕೆ. ಈ ಪ್ರಶ್ನೆಗೆ ಎರಡು ಮುಖಗಳಿವೆ: ಒಂದು ಬಂದವನನ್ನು ಒಳಗೆ ಕರೆದುಕೊಳ್ಳುವ ಮುಖ, ಇನ್ನೊಂದು ಬಂದವನನ್ನು ತೂಗಿನೋಡಿ ಹೊರಗೇ ನಿಲ್ಲಿಸುವ ಮುಖ. ನಮ್ಮ ಜನರ ಸ್ನೇಹಶೀಲತೆಯನ್ನು ಹೊಗಳುವವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ.

ಈ ದ್ವಿಮುಖಸ್ವಭಾವವನ್ನು ಪರದೇಶದ ಕಣ್ಣೊಂದು ಬಹಳ ಹಿಂದೆಯೇ ಗುರುತಿಸಿತ್ತು. ಏಳನೆಯ ಶತಮಾನದಲ್ಲಿ, 640ರ ಸುಮಾರಿಗೆ, ಚೀನದ ಬೌದ್ಧಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ವಾತಾಪಿಯ, ಎಂದರೆ ಈ ಬಾದಾಮಿಯ, ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಸಂದರ್ಶಿಸಿದನು. ಆ ರಾಜ್ಯವನ್ನು ಅವನು ಮಹಾರಾಷ್ಟ್ರವೆಂದು ಹೆಸರಿಸಿದ್ದಾನೆ. ಅಲ್ಲಿಯ ಜನರನ್ನು ವರ್ಣಿಸುತ್ತ ಅವನು, ಅವರು ಋಜುಸ್ವಭಾವದವರು, ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯದವರು, ಅಪಮಾನ ಮಾಡಿದವರನ್ನು ಬಿಡದವರು, ಕಷ್ಟದಲ್ಲಿರುವವನು ಮೊರೆಯಿಟ್ಟರೆ ತಮ್ಮನ್ನು ತಾವೇ ಮರೆತು ನೆರವಿಗೆ ಧಾವಿಸುವವರು ಎಂಬ ಅಭಿಪ್ರಾಯವನ್ನು ದಾಖಲಿಸಿದನು. ಇದಾದ ಸುಮಾರು ಎರಡು ತಲೆಮಾರುಗಳ ಮೇಲೆ, ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಬಳಿಯ ಕೆಂಪು ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವು ಕೆತ್ತಲ್ಪಟ್ಟಿತು. ಕನ್ನಡದ ತ್ರಿಪದಿಯ ಅತ್ಯಂತ ಪ್ರಾಚೀನ ರೂಪವು ದೊರೆಯುವುದು ಅದರಲ್ಲಿಯೇ. ಆ ಶಾಸನವು ಹೊಗಳುವ ವೀರನು ಸಾಧುಜನರೊಡನೆ ಸಾಧು, ಮಧುರಸ್ವಭಾವದವರೊಡನೆ ಮಧುರ, ಬಾಧಿಸಬಂದವರಿಗೆ ಅಸಾಧಾರಣ ಪ್ರತಿಭಟ. ಹೊರಗಿನವನು ಕಂಡು ಬರೆದದ್ದೂ ಒಳಗಿನವರು ತಮ್ಮ ಆದರ್ಶವೆಂದು ಕಲ್ಲಿನಲ್ಲಿ ಕೊರೆದದ್ದೂ ಇಷ್ಟು ಸಮೀಪವಾಗಿರುವುದನ್ನು ನೋಡಿದಾಗ, ಬಂದವನ ಮನಸ್ಸನ್ನು ಅರಿತು ಅದಕ್ಕೆ ಸರಿಯಾಗಿ ನಡೆದುಕೊಳ್ಳುವುದು ಈ ನಾಡಿನಲ್ಲಿ ಎಷ್ಟು ಹಳೆಯ ರೀತಿಯೆಂಬುದು ಮನಸ್ಸಿಗೆ ಬರುತ್ತದೆ. ಮನಸ್ಸನ್ನು ಅರಿಯಬೇಕಾದರೆ ಕೇಳಲೇಬೇಕಷ್ಟೆ.

ಇಲ್ಲಿಯವರು ಮನೆಯಲ್ಲಿ ಕುಳಿತು ಬಂದವರನ್ನು ಮಾತ್ರ ಕಂಡವರೂ ಅಲ್ಲ. ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಐಹೊಳೆಯನ್ನು ನಾವಿಂದು ಗುಡಿಗಳ ಊರೆಂದು ಬಲ್ಲೆವು; ಮಧ್ಯಯುಗದ ವ್ಯಾಪಾರಲೋಕವು ಅದನ್ನು ಅಯ್ಯಾವೊಳೆಯ ಐನೂರ್ವರ ಊರೆಂದು ಬಲ್ಲುದಾಗಿತ್ತು. ಈ ವಣಿಕ್ಸಂಘದ ಶಾಸನಗಳು ಕನ್ನಡನಾಡಿನಲ್ಲಿ ಮಾತ್ರವಲ್ಲದೆ ಆಂಧ್ರ, ತಮಿಳುನಾಡು, ಸಿಂಹಳಗಳಲ್ಲಿಯೂ ದೊರೆತಿವೆ. ಸಮುದ್ರದಾಚೆ ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ 1088ನೆಯ ಇಸವಿಯ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಭಾಷೆ ತಿಳಿಯದ ನಾಡಿನಲ್ಲಿ ಸರಕು ಇಳಿಸಿ, ಗುರುತಿಲ್ಲದವರಿಗೆ ಸಾಲ ಕೊಟ್ಟು, ಗುರುತಿಲ್ಲದವರ ಮಾತಿನ ಮೇಲೆ ಭರವಸೆಯಿಟ್ಟು ಬಾಳಿದ ಅವರಿಗೆ, ಅಪರಿಚಿತನಾಗಿರುವುದೆಂದರೇನೆಂಬುದು ಚೆನ್ನಾಗಿ ತಿಳಿದಿರಬೇಕು.

ಪ್ರಶ್ನೆಯ ಮೊದಲನೆಯ ಮುಖವನ್ನು ಅದರ ಪೂರ್ಣ ಪ್ರಸನ್ನತೆಯಲ್ಲಿ ಕಾಣಬೇಕೆನ್ನುವವರು ಬಾದಾಮಿಯ ಹತ್ತಿರದ ಬನಶಂಕರಿಗೆ ಹೋಗಬೇಕು. ಪುಷ್ಯಮಾಸದ ಬನದ ಹುಣ್ಣಿವೆಗೆ ತೇರು ಎಳೆಯುತ್ತಾರೆ. ಆಮೇಲೆ ಜಾತ್ರೆಯು ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಡೇರೆ ಹೊಡೆದು ರಾತ್ರಿಯಿಡೀ ಆಟ ತೋರಿಸುತ್ತವೆ, ದೂರದೂರದ ಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಬಂದು ಬಯಲಿನಲ್ಲಿಯೇ ಒಲೆ ಹೂಡುತ್ತಾರೆ. ಆದರೆ ನಾನು ಹೇಳಬೇಕೆಂದಿರುವುದು ಜಾತ್ರೆಯನ್ನು ಕುರಿತಲ್ಲ. ವರ್ಷದ ಸಾಮಾನ್ಯ ದಿನಗಳಲ್ಲಿ, ಹರಿದ್ರಾತೀರ್ಥದ ಹೊಂಡದ ಬಳಿಯ ಕಲ್ಲಿನ ಮಂಟಪಗಳಲ್ಲಿ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ರೊಟ್ಟಿ ಮಾರುತ್ತಾರೆ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಳಕೆಗಾಳಿನ ಪಲ್ಯ, ಕೆಂಪು ಮೆಣಸಿನಕಾಯಿಯ ಚಟ್ನಿ, ಗುರೆಳ್ಳಿನ ಪುಡಿ, ಮಣ್ಣಿನ ಸಣ್ಣ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು, ಇಷ್ಟೂ ಅವರ ಬುಟ್ಟಿಯೊಳಗಿರುತ್ತದೆ. ದರ್ಶನ ಮುಗಿಸಿ ಬಂದವನನ್ನು ಕಂಡು ಅವರು ಗಿರಾಕಿಯೆಂದು ಕರೆಯುವುದಿಲ್ಲ. "ಬಾರೋ ಯಪ್ಪಾ, ಉಂಡು ಹೋಗು". "ಬಾ ನಮ್ಮವ್ವಾ, ಕುಂದರು, ಬಿಸಿಲಾಗ ಬಂದೀದಿ". ತಾಯಿಯ ವಯಸ್ಸಿನವಳು ಮಗನನ್ನು ಕರೆಯುವ ಆ ಧ್ವನಿಯಲ್ಲಿಯೇ ಅವಳು ತಾನು ಹಿಂದೆಂದೂ ಕಾಣದವನನ್ನು ಕರೆಯುತ್ತಾಳೆ. ನೆಲದ ಮೇಲೆ ಕುಳಿತು ಉಣ್ಣತೊಡಗಿದರೆ ಆಕೆ ಮುಂದೆಯೇ ಕುಳಿತು, ಊರು ಯಾವುದು, ಹೊಲ ಇದೆಯೇ, ಮಳೆಯಾಯಿತೇ, ಮನೆಯವರನ್ನೇಕೆ ಕರೆತರಲಿಲ್ಲ ಎಂದು ಕೇಳುತ್ತ, "ಒಣಾ ಯಾಕ ತಿಂತೀ, ಮಸರ ಹಾಕ್ಕೋ" ಎಂದು ಮೇಲೊಂದಿಷ್ಟು ನೀಡುತ್ತಾಳೆ.

ಹಣ ಕೊಟ್ಟು ಉಂಡ ಊಟದಲ್ಲಿ ಆತಿಥ್ಯವೆಲ್ಲಿಯದು, ಇದು ವ್ಯಾಪಾರದ ಜಾಣತನವಲ್ಲವೇ ಎಂದು ಕೇಳುವವರಿರಬಹುದು. ವ್ಯಾಪಾರವೆಂಬುದು ನಿಜ, ಆ ರೊಟ್ಟಿಯ ಹಣದಿಂದಲೇ ಅವಳ ಮನೆ ನಡೆಯಬೇಕು. ಆದರೆ ಎರಡು ರೂಪಾಯಿ ಹೆಚ್ಚು ಗಳಿಸಬೇಕೆಂಬವಳು ಬೇಡವೆಂದ ಮೇಲೆಯೂ ನೀಡಿದ ಮೊಸರಿಗೆ ಲೆಕ್ಕ ಹಿಡಿಯಬೇಕಾಗಿತ್ತು, ಅವಳು ಹಿಡಿಯುವುದಿಲ್ಲ. ಮನೆಯಲ್ಲಿ ನಾಲ್ಕು ಜನರಿಗೆ ಬಡಿಸುವಾಗ ಕಲಿತ ಕೈಯೇ ಮಂಟಪದಲ್ಲಿ ನಾಲ್ಕುನೂರು ಜನರಿಗೂ ಬಡಿಸುತ್ತದೆ. ಬಡಿಸುವಲ್ಲಿ ಅದಕ್ಕೆ ಬೇರೊಂದು ರೀತಿ ತಿಳಿದಿಲ್ಲ. ನಗರಗಳ ಉಪಾಹಾರಗೃಹಗಳಲ್ಲಿ ತರಬೇತು ಪಡೆದ ನಗೆಗೂ ಈ ಒತ್ತಾಯಕ್ಕೂ ಇರುವ ಅಂತರವನ್ನು ಒಮ್ಮೆ ಉಂಡವರಿಗೆ ವಿವರಿಸಬೇಕಾಗಿಲ್ಲ.

ಇಳಕಲ್ಲಿನ ಸ್ನೇಹ ಇನ್ನೊಂದು ಬಗೆಯದು. ಟೋಪ ತೆನಿಯ ಕೆಂಪು ಸೆರಗಿನ ಸೀರೆಗಾಗಿ ಹೆಸರಾದ ಆ ಪಟ್ಟಣದಲ್ಲಿ ಮಗ್ಗವು ಮನೆಯಿಂದ ಬೇರೆಯಲ್ಲ. ತಲಬಾಗಿಲು ದಾಟಿದೊಡನೆ ಕುಣಿಮಗ್ಗ, ಅದರ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ, ಅತ್ತ ಕಂಡಿಕೆ ಸುತ್ತುತ್ತಿರುವ ಮನೆಯಾಕೆ. ಒಡಲಿನ ಹಾಸನ್ನು ಸೆರಗಿನ ಹಾಸಿನೊಡನೆ ಎಳೆಗೆ ಎಳೆ ಸೇರಿಸುವ ಕೊಂಡಿಯ ಕೆಲಸವನ್ನು ನೋಡಲೆಂದು ಬಾಗಿಲಲ್ಲಿ ನಿಂತ ದಾರಿಹೋಕನಿಗೆ, "ಬರ್ರೀ ಒಳಗ, ನಿಂತಗೊಂಡ ಏನ್ ನೋಡ್ತೀರಿ" ಎಂಬ ಕರೆ ಬರುತ್ತದೆ, ಲಾಳಿ ಮಾತ್ರ ನಿಲ್ಲುವುದಿಲ್ಲ. ಬಾಗಿಲು ತೆರೆದಿರುವುದು ಗಾಳಿ ಬೆಳಕಿನ ಅವಶ್ಯಕತೆಗಾಗಿ, ಸೀರೆ ಕೊಳ್ಳುವವರು ಮಹಾರಾಷ್ಟ್ರದಿಂದಲೂ ಬರುವವರಾದ್ದರಿಂದ ಹೊಸ ಮುಖ ಅಲ್ಲಿ ಹೊಸದಲ್ಲ. ಹಗಲಿಡೀ ಒಂದೇ ಕಡೆ ಕೂತು ದುಡಿಯುವವನಿಗೆ ಲೋಕದ ಸುದ್ದಿಯೆಂಬುದು ಬಾಗಿಲಲ್ಲಿ ನಿಂತವನ ಮೂಲಕವೇ ಒಳಗೆ ಬರಬೇಕು. ಆದ್ದರಿಂದ ಅವನ ಪ್ರಶ್ನೆಗಳಲ್ಲಿ ಕುತೂಹಲವೂ ಆದರವೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿರುತ್ತವೆ.

ಈಗ ಸಂಕೋಚಶೀಲರ ಕಡೆಗೆ ತಿರುಗೋಣ. ದಕ್ಷಿಣ ಕನ್ನಡದ, ಕಾಸರಗೋಡಿನ ಅಡಕೆತೋಟದ ಮನೆಗೆ ಬಿಸಿಲಿನಲ್ಲಿ ನಡೆದುಬಂದವನನ್ನು ಮೊದಲು ಜಗಲಿಯಲ್ಲಿ ಕುಳ್ಳಿರಿಸುತ್ತಾರೆ. ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೆ ಒಂದು ತುಂಡು ಬೆಲ್ಲ. ಹವ್ಯಕರ ಮನೆಗಳಲ್ಲಿ ಇದನ್ನೇ ಆಸರಿಂಗೆ ಕೊಡುವುದೆನ್ನುತ್ತಾರೆ. ಬಂದವನು ಅದನ್ನು ಮುಗಿಸಿ, ಉಸಿರು ತಿರುಗಿಸಿಕೊಂಡು, ತಾನಾಗಿಯೇ ಬಂದ ಕಾರಣವನ್ನು ಹೇಳುವವರೆಗೆ ಮನೆಯವರು ಮಳೆ ಬಿಸಿಲಿನ ಮಾತಾಡುತ್ತಾರೆಯೇ ಹೊರತು ಅವನ ಕುಲಗೋತ್ರಕ್ಕೆ ಕೈಯಿಡುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿಯೂ ಬೆಲ್ಲ ನೀರು ಕೊಡುವ ಪದ್ಧತಿಯುಂಟು, ಆದರೆ ನಮ್ಮಲ್ಲಿ ಪ್ರಶ್ನೆ ಮುಂದೆ, ತಂಬಿಗೆ ಹಿಂದೆ. ಅವರಲ್ಲಿ ತಂಬಿಗೆ ಮುಂದೆ. ಪರಾಶರಸ್ಮೃತಿಯು ಅತಿಥಿಯ ಗೋತ್ರವನ್ನಾಗಲಿ ಅಧ್ಯಯನವನ್ನಾಗಲಿ ಕೇಳಬಾರದೆಂದು ಗೃಹಸ್ಥನಿಗೆ ವಿಧಿಸುತ್ತದೆ. ಗ್ರೀಕರ ಒಡಿಸ್ಸಿ ಮಹಾಕಾವ್ಯದ ಪ್ರಾರಂಭದಲ್ಲಿ ತರುಣ ಟೆಲೆಮಕಸನು, ಬಾಗಿಲಲ್ಲಿ ಪರದೇಶಿಯೊಬ್ಬನು ಕಾಯುತ್ತ ನಿಂತಿರುವುದನ್ನು ಕಂಡು ತಾನೇ ಎದ್ದುಹೋಗಿ ಕರೆತಂದು, ಊಟ ಮಾಡಿಸಿದ ಮೇಲೆಯೇ ನೀನಾರು, ಎಲ್ಲಿಯವನು ಎಂದು ಕೇಳುತ್ತಾನೆ. ಹಸಿದವನ ಹೆಸರು ಕೇಳಿ ಅನ್ನವಿಡುವುದಕ್ಕಿಂತ ಅನ್ನವಿಟ್ಟು ಹೆಸರು ಕೇಳುವುದರಲ್ಲಿ ಹೆಚ್ಚಿನ ಗೌರವವಿದೆಯೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಆದ್ದರಿಂದ ಕರಾವಳಿಯವರ ಮಿತಭಾಷಣವನ್ನು ಬಿಗುಮಾನವೆಂದು ಕರೆಯುವ ನಮ್ಮವರು ಒಂದು ಉನ್ನತವಾದ ಸಂಸ್ಕಾರವನ್ನೇ ತಪ್ಪಾಗಿ ಓದುತ್ತಿದ್ದಾರೆ.

ಏಕೆಂದರೆ, ಶ್ರೋತೃಗಳೇ, ಪ್ರಶ್ನೆಯ ಎರಡನೆಯ ಮುಖವನ್ನು ನಾವು ಮರೆಮಾಚಬಾರದು. "ಯಾವೂರ್ರೀ?" ಎಂಬುದರ ಬೆನ್ನಿಗೆ "ಯಾರ ಪೈಕಿ?" ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಅದಕ್ಕೆ ಬಂದ ಉತ್ತರದ ಮೇಲೆ, ಬಂದವನು ಪಡಸಾಲೆಯಲ್ಲಿ ಕುಳಿತುಕೊಳ್ಳಬೇಕೋ ಕಟ್ಟೆಯ ಕೆಳಗೆ ನಿಲ್ಲಬೇಕೋ, ಅವನಿಗೆ ತಂಬಿಗೆಯನ್ನು ಕೈಗೆ ಕೊಡಬೇಕೋ ಬೊಗಸೆಗೆ ನೀರು ಹೊಯ್ಯಬೇಕೋ ಎಂಬುದು ಎಷ್ಟು ತಲೆಮಾರುಗಳವರೆಗೆ ನಿರ್ಧಾರವಾಗುತ್ತ ಬಂದಿದೆ! ನೀರಿಗೆ ಕಷ್ಟವಿರುವ ಈ ನೆಲದಲ್ಲಿ ನೀರು ಕೊಡುವುದು ದೊಡ್ಡ ದಾನವೆಂದು ಹೆಮ್ಮೆಪಡುವ ನಾವು, ಆ ನೀರಿಗಾಗಿ ಬಾವಿಯ ಮೆಟ್ಟಿಲ ಮೇಲೆ ಕಾಲಿಡಬಾರದೆಂದು ತಡೆಯಲ್ಪಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಮ್ಮ ಔದಾರ್ಯವನ್ನು ಅಳೆಯುವುದು ಸತ್ಯವಾಗದು. ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮವು ಇದೇ ಹುನಗುಂದ ತಾಲೂಕಿನಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬೆಳೆದು ಆ ಸಂಗಮದೇವನನ್ನೇ ತನ್ನ ಅಂಕಿತವಾಗಿಸಿಕೊಂಡ ಬಸವಣ್ಣನು, ಬಂದವನನ್ನು ಇವನು ಯಾರವನೆಂದು ವಿಚಾರಿಸಿ ದೂರವಿಡುವ ಬುದ್ಧಿ ತನಗೆ ಬಾರದಿರಲೆಂದೂ ಎಲ್ಲರೂ ತನ್ನವರೇ ಎನಿಸಲೆಂದೂ ದೇವರನ್ನು ಬೇಡಿದನು. ಮನೆಗೆ ಬಂದವರ ಕುಶಲ ಕೇಳಿ ಕುಳ್ಳಿರಿಸುವುದರಿಂದ ನಿಮ್ಮ ಸಂಪತ್ತಿಗೇನು ಕೊರತೆಯೆಂದು ಸಿರಿವಂತರನ್ನು ಇನ್ನೊಂದು ವಚನದಲ್ಲಿ ಪ್ರಶ್ನಿಸಿದನು. ಜನರು ಮಾತನಾಡಿಸುವ ನಾಡಿನಲ್ಲಿಯೇ ಈ ಮಾತುಗಳನ್ನು ಹೇಳಬೇಕಾಗಿ ಬಂದಿತೆಂಬುದನ್ನು ನಾವು ನೆನೆಯಬೇಕು.

ಪರಕೀಯರ ಆಳ್ವಿಕೆಯು ಈ ಎರಡನೆಯ ಮುಖಕ್ಕೆ ಕಾನೂನಿನ ಬಲವನ್ನು ಕೂಡಿಸಿತು. 1871ರ ಅಪರಾಧಿ ಬುಡಕಟ್ಟುಗಳ ಶಾಸನವು, ಊರಿಂದೂರಿಗೆ ತಿರುಗಿ ಹೊಟ್ಟೆಹೊರೆಯುತ್ತಿದ್ದ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಬಗೆಯುವುದಕ್ಕೆ ದಾರಿಮಾಡಿತು. ವಿಜಾಪುರದಲ್ಲಿ ಹರಣಶಿಕಾರಿ, ಛಪ್ಪರಬಂದ ಮೊದಲಾದವರನ್ನು ತಂತಿಬೇಲಿಯ ವಸಾಹತಿನಲ್ಲಿ ನೆಲೆಗೊಳಿಸಿ ಹಾಜರಿ ಕರೆಯಲಾಯಿತು. ಬಾಗಲಕೋಟೆಯು ಆಗ ವಿಜಾಪುರ ಜಿಲ್ಲೆಯ ಭಾಗವಾಗಿತ್ತಷ್ಟೆ. ಹಳ್ಳಿಯ ಪೋಲೀಸ ಪಾಟೀಲನ ಕೆಲಸಗಳಲ್ಲಿ ಊರಿಗೆ ಬಂದ ಅಪರಿಚಿತರ ಮೇಲೆ ಕಣ್ಣಿಡುವುದೂ ಒಂದಾಯಿತು. 1952ರಲ್ಲಿ ಆ ಶಾಸನವು ರದ್ದಾಯಿತು, ಆದರೆ ಡೇರೆ ಹೊತ್ತು ಬಂದವರನ್ನು ಕಂಡಾಗ ಹಳ್ಳಿಯ ಕಣ್ಣಿನಲ್ಲಿ ಮೂಡುವ ಸಂಶಯವನ್ನು ಯಾವ ಸರಕಾರವೂ ಒಂದು ದಿನದಲ್ಲಿ ರದ್ದುಮಾಡಲಾರದು.

ಹೆಣ್ಣುಮಕ್ಕಳ ಪಾಲಿಗೂ ಈ ಪ್ರಶ್ನಾವಳಿ ಹಲವು ವೇಳೆ ನೋವಿನದು. ಒಬ್ಬಳೇ ಪ್ರಯಾಣ ಮಾಡುವ ತರುಣಿಯನ್ನು "ಲಗ್ನ ಆಗೇತೇನವ್ವಾ? ಮಕ್ಕಳೆಷ್ಟು?" ಎಂದು ಕೇಳುವ ಮುದುಕಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಮಕ್ಕಳಿಲ್ಲದವಳಿಗೆ, ಗಂಡನನ್ನು ಕಳೆದುಕೊಂಡವಳಿಗೆ, ಗಾಡಿ ತುಂಬಿದ ಜನರೆದುರು ಅದಕ್ಕೆ ಉತ್ತರ ಹೇಳಬೇಕಾದ ಸಂಕಟವನ್ನು ಕೇಳಿದವರು ಊಹಿಸುವುದಿಲ್ಲ. ಈ ವಿಷಯದಲ್ಲಿ ಮೈಸೂರಿನವರ ಸಂಕೋಚವನ್ನು ನಮ್ಮವರು ಕಲಿಯಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಇನ್ನು, ನಮ್ಮ ಜನ ತಾವೇ ಅಪರಿಚಿತರಾಗುವ ಸಂದರ್ಭ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಕೆಲವು ತಾಲೂಕುಗಳಲ್ಲಿ ಕೈಕೊಡದ ವರ್ಷಗಳಲ್ಲಿಯೂ, ಬಾದಾಮಿ ಹುನಗುಂದಗಳ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಮಂಗಳೂರು, ಉಡುಪಿ, ಗೋವೆ, ಬೆಂಗಳೂರುಗಳಿಗೆ ಹೋಗುವ ರಾತ್ರಿಯ ಬಸ್ಸುಗಳ ಮೇಲೆ ಹಾಸಿಗೆಯ ಸುರುಳಿ, ಹಿಟ್ಟಿನ ಚೀಲ, ಒಲೆ ಏರುತ್ತವೆ. ಒಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ಕುಳಿತಿರುತ್ತಾರೆ. ತಮ್ಮ ಊರ ಅಗಸಿಯಲ್ಲಿ ಹೊಸಬನನ್ನು ಅಷ್ಟು ಧೈರ್ಯವಾಗಿ ಮಾತನಾಡಿಸುತ್ತಿದ್ದ ಅದೇ ಗಂಡಸು, ಮಂಗಳೂರಿನ ರಸ್ತೆಯ ಬದಿಯಲ್ಲಿ ಮುಂಜಾನೆ ಕೂಲಿಗೆ ಕರೆಯುವವರನ್ನು ಕಾಯುತ್ತ ನಿಂತಾಗ ಮಾತು ಕಳೆದುಕೊಂಡವನಂತಿರುತ್ತಾನೆ. ಅಲ್ಲಿ ಅವನು ಬಾದಾಮಿಯವನಲ್ಲ, ಹುನಗುಂದದವನಲ್ಲ. ಘಟ್ಟದ ಮೇಲಿನವನು, ಬಿಜಾಪುರದವನು. ಅವನ ಊರು ಯಾವುದೆಂದು ಕೇಳುವವರು ಕಡಿಮೆ; ಕೇಳಿದರೂ ಬಾಡಿಗೆಯ ಕೋಣೆ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದಕ್ಕಾಗಿ. ಜಗಲಿಯಲ್ಲಿ ಬೆಲ್ಲ ನೀರಿಟ್ಟು ಮರ್ಯಾದೆ ಮಾಡುವ ನಾಡು ಅದು. ಆದರೆ ಜಗಲಿಯವರೆಗೆ ಬರುವ ಅತಿಥಿಗೂ ರಸ್ತೆಯಲ್ಲಿ ನಿಂತ ಕೂಲಿಯವನಿಗೂ ನಡುವೆ ಗೆರೆಯೊಂದಿದೆ. ಸಂಕೋಚದ ಸಂಸ್ಕಾರಕ್ಕೂ ತನ್ನದೇ ಆದ ಹೊರಬಾಗಿಲಿದೆಯೆಂದು ಇದರಿಂದ ತಿಳಿಯುತ್ತದೆ. ಆ ಮೌನವು ಗುಳೆ ಹೋದವನ ಮೇಲೆ ಬೀಳುವ ಭಾರವನ್ನು, ಊಟವಾಯಿತೇ ಎಂದು ಕೇಳಿಸಿಕೊಂಡು ಬೆಳೆದವನು ಮಾತ್ರ ಪೂರ್ತಿಯಾಗಿ ಬಲ್ಲನು.

ದೂರ ಹೋಗದೆ, ತಮ್ಮ ಊರಿನಲ್ಲಿದ್ದುಕೊಂಡೇ ಅಪರಿಚಿತರಾದವರೂ ನಮ್ಮಲ್ಲಿದ್ದಾರೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿ, ಜಲಾಶಯದ ಮಟ್ಟವನ್ನು 519.60 ಮೀಟರಿಗೆ ಏರಿಸಿದಾಗ, ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಂದು ಬಾಗಲಕೋಟೆಯ ಹಳೆಯ ಪಟ್ಟಣದ ಓಣಿಗಳನ್ನು ಹೊಕ್ಕಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅದರ ಆಚೀಚಿನ ವರ್ಷಗಳಲ್ಲಿಯೇ ಸಾವಿರಾರು ಕುಟುಂಬಗಳು ತಮ್ಮ ಮನೆಯ ಗೋಡೆಗಳು ಉರುಳುವುದನ್ನು ನೋಡಿ ಪುನರ್ವಸತಿಗಾಗಿ ಕಟ್ಟಿದ ನವನಗರಕ್ಕೆ ಹೋಗಬೇಕಾಯಿತು. ಹಳೆಯ ಊರಿನಲ್ಲಿ ಮನುಷ್ಯನ ಗುರುತು ಕಿಲ್ಲಾದವನು, ಹಳಪೇಟೆಯವನು, ಜೈನಪೇಟೆಯವನು, ವೆಂಕಟಪೇಟೆಯವನು ಎಂದು. ಹೋಳಿಯ ದಿನಗಳಲ್ಲಿ ಹಲಗೆ ಬಾರಿಸಿಕೊಂಡು, ಬಣ್ಣದ ಪೀಪಾಯಿ ತುಂಬಿದ ಬಂಡಿಗಳನ್ನು ಹೊಡೆದುಕೊಂಡು ಹೊರಡುವುದೂ ಪೇಟೆ ಪೇಟೆಯಾಗಿಯೇ; ಆ ದಿನಗಳಲ್ಲಿ ಬೀದಿಗೆ ಬಂದ ಯಾರನ್ನೂ ಯಾವೂರೆಂದು ಕೇಳುವ ಪದ್ಧತಿಯೇ ಇಲ್ಲ, ಬಂದವನ ಮೇಲೆ ಬಣ್ಣ ಬೀಳುತ್ತದೆ. ನವನಗರದಲ್ಲಿ ಗುರುತು ಸೆಕ್ಟರಿನ ಅಂಕಿಯಾಯಿತು, ಪ್ಲಾಟಿನ ಅಂಕಿಯಾಯಿತು. ರಸ್ತೆಗಳು ಅಗಲ, ಮನೆಗಳ ನಡುವೆ ಗಾಳಿ ಬೆಳಕು ಉಂಟು, ಚರಂಡಿಯುಂಟು. ಹಳೆಯ ಓಣಿಯಲ್ಲಿ ಇರದಿದ್ದ ಅನೇಕ ಸೌಕರ್ಯಗಳುಂಟು, ಅವನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಹಳೆಯ ಮನೆಯ ತಲಬಾಗಿಲಿಗೆ ತಾಗಿಕೊಂಡಿದ್ದ ಕಟ್ಟೆ, ಅದರ ಮೇಲೆ ಸಂಜೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದ ಹಿರಿಯರು, ಎರಡೂ ಹೊಸ ನಕಾಶೆಯಲ್ಲಿ ಸ್ಥಾನ ಪಡೆಯಲಿಲ್ಲ. ಕಟ್ಟೆಯ ಸ್ಥಳದಲ್ಲಿ ಆವಾರದ ಗೋಡೆ ಬಂದಿತು, ಗೋಡೆಗೆ ಕಬ್ಬಿಣದ ಗೇಟು ಬಂದಿತು.

ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಜಿಮ್ಮೆಲನು 1903ರಲ್ಲಿ ಮಹಾನಗರದ ಮನೋಜೀವನವನ್ನು ಕುರಿತು ಬರೆದ ಪ್ರಬಂಧದಲ್ಲಿ, ನಗರದವನ ಬಿಗುಮಾನವು ಹೃದಯಹೀನತೆಯಲ್ಲವೆಂದು ತೋರಿಸಿಕೊಟ್ಟನು: ದಿನವೊಂದಕ್ಕೆ ಅಸಂಖ್ಯ ಮುಖಗಳನ್ನು ಕಾಣುವವನು ಪ್ರತಿಯೊಂದು ಮುಖಕ್ಕೂ ಹಳ್ಳಿಯವನಂತೆ ಮನಸ್ಸು ತೆರೆದರೆ ಅವನ ಅಂತರಂಗವು ಚೂರುಚೂರಾದೀತು, ಆದ್ದರಿಂದ ಮೌನವು ಅವನ ಆತ್ಮರಕ್ಷಣೆ. ಬೆಂಗಳೂರಿನವರನ್ನು ಅರ್ಥಮಾಡಿಕೊಳ್ಳಲು ಈ ವಿಚಾರ ನನಗೆ ಬಹಳ ಸಹಾಯ ಮಾಡಿದೆ. ಆದರೆ ನವನಗರವು ಮಹಾನಗರವಲ್ಲ. ಅಲ್ಲಿ ಮುಖಗಳ ದಟ್ಟಣೆಯಿಲ್ಲ, ಓಣಿ ಒಡೆದು ಚೆದುರಿದ ಮುಖಗಳಿವೆ. ಹಳೆಯ ಹತ್ತು ಮನೆಗಳ ಜನ ಹತ್ತು ಸೆಕ್ಟರುಗಳಿಗೆ ಹಂಚಿಹೋದರು. ನೆರೆಮನೆಗೆ ಬಂದವರು ಇನ್ನಾವುದೋ ಮುಳುಗಿದ ಊರಿನವರು. ಎರಡು ದುಃಖಗಳು ಒಂದೇ ಗೋಡೆಯ ಆಚೀಚೆ ನಿಂತು ಪರಸ್ಪರ ಮಾತನಾಡಲು ವರ್ಷಗಳು ಹಿಡಿದವು. ಸ್ವಭಾವತಃ ಮಾತುಗಾರರಾದ ಜನರೂ, ಮಾತನಾಡುವ ಸ್ಥಳವನ್ನು ಕಳೆದುಕೊಂಡಾಗ, ಒಂದೇ ತಲೆಮಾರಿನಲ್ಲಿ ಮೌನಿಗಳಾಗುವುದು ಸಾಧ್ಯವೆಂಬುದಕ್ಕೆ ಬಾಗಲಕೋಟೆಯೇ ಸಾಕ್ಷಿಯಾಗಿದೆ. ಇಂಥ ಜನ ಸ್ನೇಹಪರರು, ಇಂಥ ಜನ ಬಿಗುಮಾನದವರು ಎಂದು ನಾಡುನಾಡುಗಳಿಗೆ ಮುದ್ರೆ ಒತ್ತುವವರು ಈ ಪಟ್ಟಣದ ಎರಡು ಭಾಗಗಳಲ್ಲಿ ಒಂದೊಂದು ಸಂಜೆ ನಡೆದಾಡಿ ಬರಬೇಕೆಂದು ನನ್ನ ಪ್ರಾರ್ಥನೆ.

ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಕೊಟ್ಟ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಆ ಏರಿಕೆಯು ಕಾರ್ಯರೂಪಕ್ಕೆ ಬಂದಾಗ ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಹಳೆಯ ಪಟ್ಟಣದ ಇನ್ನಷ್ಟು ಓಣಿಗಳೂ ಸ್ಥಳಾಂತರವಾಗಬೇಕು. ಅವರಿಗಾಗಿ ನಕಾಶೆ ಬರೆಯುವ ಅಭಿಯಂತರರಲ್ಲಿಯೂ ಅಧಿಕಾರಿಗಳಲ್ಲಿಯೂ ನನ್ನವು ಎರಡು ಬೇಡಿಕೆಗಳು. ಓಣಿಯೊಂದು ಮುಳುಗುವುದಾದರೆ ಆ ಓಣಿಯ ಮನೆಗಳಿಗೆ ಹೊಸ ಊರಿನಲ್ಲಿಯೂ ಅಕ್ಕಪಕ್ಕದಲ್ಲಿಯೇ ನಿವೇಶನ ದೊರೆಯಲಿ. ಮನೆಗಳನ್ನು ಚೀಟಿಯೆತ್ತಿ ಹಂಚುವುದು ನ್ಯಾಯವಾಗಿ ಕಂಡರೂ ನೆರೆಯನ್ನು ಚೀಟಿಯೆತ್ತಿ ಹಂಚಲಾಗದು. ಶಾಲೆ, ದವಾಖಾನೆ, ಗುಡಿ, ಮಸೀದಿಗಳಿಗೆ ಜಾಗ ಬಿಡುವಂತೆ, ಪ್ರತಿಯೊಂದು ಓಣಿಯ ಮೂಲೆಯಲ್ಲಿ ಬೇವಿನ ಸಸಿ ನೆಟ್ಟು, ಅದರ ಬುಡಕ್ಕೆ ಎಲ್ಲ ಕೇರಿಯವರೂ ಕುಳ್ಳಿರಬಹುದಾದ ಒಂದು ಕಟ್ಟೆಯನ್ನು ಕಟ್ಟಲಿ, ಪಕ್ಕದಲ್ಲಿ ಕುಡಿಯುವ ನೀರಿನ ನಳವಿರಲಿ. ಬಸ್ಸಿನಿಂದಿಳಿದು ವಿಳಾಸದ ಚೀಟಿ ಹಿಡಿದು ನಿಂತವನನ್ನು ಕಂಡು ಅಲ್ಲಿ ಕುಳಿತವರು ಮೊದಲು ನೀರು ಕೊಡಲಿ, ಯಾವೂರೆಂದು ಆಮೇಲೆ ಕೇಳಲಿ. ಯಾರ ಪೈಕಿಯೆಂದು ಕೇಳುವುದನ್ನು ಮಾತ್ರ ಮುಳುಗಿದ ಊರಿನಲ್ಲಿಯೇ ಬಿಟ್ಟು ಬರಲಿ.